ಪಾಳಿ ಪ್ರಭೇದ ನಿರ್ಣಯ

ಇನ್ನು ಪಾಳಿಯ ವಿಚಾರ. ಬೆಂಗಳೂರಿನವರು ಇದನ್ನು ಕ್ಯೂ ಎನ್ನುತ್ತಾರೆ, ಪಠ್ಯಪುಸ್ತಕದವರು ಸರತಿ ಸಾಲು ಎನ್ನುತ್ತಾರೆ, ಬಾದಾಮಿ ಸೀಮೆಯಲ್ಲಿ ಪಾಳಿ. ಮೂರರಲ್ಲಿ ಪಾಳಿಯೇ ಶ್ರೇಷ್ಠ. ಅದನ್ನು ಹಚ್ಚಬಹುದು, ಅದು ಬರಬಹುದು, ತಪ್ಪಲೂಬಹುದು. ಈ ನಿಬಂಧದ ಅರ್ಧ ಸಾಮಗ್ರಿಯನ್ನು ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆಯ ಹೊತ್ತಿಗೆ ಕಲೆಹಾಕಿದೆ. ಉಳಿದರ್ಧ ಕ್ಯೂಎಮು ಎಂಬ ಸಾಫ್ಟ್‌ವೇರಿನದು. ಎರಡಕ್ಕೂ ಏನು ಸಂಬಂಧ ಎನ್ನುವವರು ತುಸು ತಾಳಬೇಕು, ಅವರ ಪಾಳಿಯೂ ಬರುತ್ತದೆ.

ಪಾಳಿ ಮೂಲದಲ್ಲಿ ದ್ವಿವಿಧ: ಕಾಯಪಾಳಿ, ಪ್ರತಿನಿಧಿಪಾಳಿ. ಬನದ ಹುಣ್ಣಿಮೆಯ ದಿನ, ತೇರು ಎಳೆಯುವ ಮೊದಲು, ಹರಿದ್ರಾತೀರ್ಥದ ಕಲ್ಲುಮಂಟಪದ ಬದಿಗೆ ದೇವಿಯ ದರ್ಶನಕ್ಕೆ ನಿಂತರೆ ಕಾಯಪಾಳಿಯ ಲಕ್ಷಣ ತಾನೇ ತಿಳಿಯುತ್ತದೆ: ಎದುರಿಗೆ ಒಬ್ಬರ ಬೆನ್ನು, ಹಿಂದಿನಿಂದ ಒಬ್ಬರ ಮೊಣಕೈ. ಅದೇ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟಿಕೆಟ್ ಕಿಟಕಿಯ ಮುಂದೆ ಇರುವುದು ಪಾಳಿಯಲ್ಲ, ಗುಂಪು. ಅದನ್ನು ಈ ಶಾಸ್ತ್ರದಿಂದ ಹೊರಗಿಟ್ಟಿದ್ದೇನೆ.

ಪ್ರತಿನಿಧಿಪಾಳಿಯಲ್ಲಿ ನಿಲ್ಲುವುದು ಮನುಷ್ಯನಲ್ಲ, ಅವನ ವಸ್ತು. ನಲ್ಲಿಯ ಮುಂದೆ ಕೊಡ, ರೇಷನ್ ಅಂಗಡಿಯ ಮುಂದೆ ಚೀಲ, ಬಸ್ಸಿನ ಕಿಟಕಿಯಿಂದ ಒಳಗೆ ಬಿದ್ದ ಟವೆಲು. (ಟವೆಲನ್ನು ಪಾಳಿಗೆ ಸೇರಿಸಬೇಕೋ ಅತಿಕ್ರಮಣಕ್ಕೋ ಎಂಬ ಚರ್ಚೆ ಹಳೆಯದು. ಮೊದಲು ಎಸೆದವನು ನಾನಾದರೆ ಪಾಳಿ.) ಆದರೆ ಇದರ ಶುದ್ಧ ರೂಪ ನೋಡಬೇಕೆಂದರೆ ಹಿಟ್ಟಿನ ಗಿರಣಿಗೇ ಹೋಗಬೇಕು. ಜಾತ್ರೆಗೆ ನೆಂಟರು ಬರುತ್ತಾರೆ, ರೊಟ್ಟಿ ಬಡಿಯಬೇಕು, ಹಿಂದಿನ ದಿನವೇ ಡಬ್ಬಿಗಳು ಗೋಡೆಗುಂಟ ಬಂದು ಕೂತಿರುತ್ತವೆ. ಡಬ್ಬಿಯೊಡತಿ ಮನೆಯಲ್ಲಿ ಕಸ ಹೊಡೆಯುತ್ತಿರುತ್ತಾಳೆ.

ಕ್ಯೂಎಮುವಿನ ಒಳಗಿರುವುದೂ ಇದೇ ಪಾಳಿ. ಫ್ಯಾಬ್ರಿಸ್ ಬೆಲ್ಲಾರ್ ಅದನ್ನು ಹೊರತಂದದ್ದು 2003ರಲ್ಲಿ. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇಲ್ಲದ ಇನ್ನೊಂದು ಕಂಪ್ಯೂಟರನ್ನು ಇದ್ದಂತೆ ತೋರಿಸುವುದು ಅದರ ಕಸುಬು. ಆ ಒಳಗಿನ ಯಂತ್ರದ ಡಿಸ್ಕೂ ಸೋಗು, ನೆಟ್‌ವರ್ಕ್ ಕಾರ್ಡೂ ಸೋಗು. ಸೋಗಿನ ಸಾಧನಕ್ಕೆ ಕೆಲಸ ಒಪ್ಪಿಸುವ ರೀತಿಯನ್ನು ರಸ್ಟಿ ರಸೆಲ್ 2008ರ ಪ್ರಬಂಧದಲ್ಲಿ ವಿವರಿಸಿದರು, ಹೆಸರು ವರ್ಟ್‌ಐಒ. ಅದರ ಪಾಳಿಯಲ್ಲಿ ಬಫರು, ಅಂದರೆ ಡೇಟಾ ತುಂಬುವ ಡಬ್ಬಿ, ತಾನಾಗಿ ನಿಲ್ಲುವುದಿಲ್ಲ. 16 ಬೈಟಿನ ಒಂದು ಚೀಟಿ ನಿಲ್ಲುತ್ತದೆ: ಬಫರಿನ ವಿಳಾಸ, ಉದ್ದ, ಒಂದೆರಡು ಗುರುತು, ಮುಂದಿನ ಚೀಟಿ ಯಾವುದು ಎಂಬ ಅಂಕಿ. ಒಂದೇ ಮನೆಯ ಮೂರು ಡಬ್ಬಿಗಳನ್ನು ಹಗ್ಗದಿಂದ ಜೋಡಿಸಿಟ್ಟರೆ ಹೇಗೋ, ಈ ಕೊನೆಯ ಅಂಕಿಯಿಂದ ಹಲವು ಚೀಟಿಗಳು ಒಂದೇ ಗಿರಾಕಿಯ ಸರಪಳಿಯಾಗುತ್ತವೆ. ಕೊಟ್ಟದ್ದಕ್ಕೆ ಒಂದು ರಿಂಗು, ಮುಗಿದದ್ದಕ್ಕೆ ಇನ್ನೊಂದು.

ಪ್ರತಿನಿಧಿಪಾಳಿಗೆ ಮತ್ತೆ ಉಪಭೇದಗಳಿವೆ, ಮರಳಿಸುವ ಬಗೆಗೆ ತಕ್ಕಂತೆ. ಮೊದಲನೆಯದು ವ್ಯುತ್ಕ್ರಮ. ಗಿರಣಿಯವನು ಇದ್ದಬದ್ದ ಜೋಳವನ್ನೆಲ್ಲ ಮೊದಲು ಹಾಕಿ, ಆಮೇಲೆ ಗೋದಿ, ಕಡೆಗೆ ಕಡ್ಲಿ ಬೀಸುತ್ತಾನೆ. ಕಲ್ಲಿಗೆ ಇದು ಹಿತ, ಲೆಕ್ಕಕ್ಕೆ ಅಹಿತ. ಯಾವ ಡಬ್ಬಿ ಯಾರದು ಎಂದು ಪ್ರತಿಯೊಂದಕ್ಕೂ ಹೆಸರು ಹಿಡಿದು ಕೂಗಬೇಕು. ನೆಗ್ಗಿದ ಮೂಲೆ, ಕೆಂಪು ದಾರ, ಬಣ್ಣದಲ್ಲಿ ಬರೆದ ಅಡ್ಡಹೆಸರು, ಎಲ್ಲ ನೆನಪಿರಬೇಕು.

ಎರಡನೆಯದು ಯಥಾಕ್ರಮ: ಇಟ್ಟ ಸಾಲಿನಲ್ಲೇ ಮರಳಿಸುವುದು. 2019ರ ವರ್ಟ್‌ಐಒ 1.1 ನಿಯಮಾವಳಿ ಇದನ್ನು 35ನೇ ಬಿಟ್ಟಿನ ಒಪ್ಪಂದವಾಗಿ ಸೇರಿಸಿತು. ಸಾಧನ, ಅದಕ್ಕೆ ಕೆಲಸ ಒಪ್ಪಿಸುವ ಡ್ರೈವರ್, ಇಬ್ಬರೂ ಹೂಂ ಅಂದರೆ ಮಾತ್ರ ಜಾರಿ. ಲಾಭ ಏನೆಂದು ನಾನು ಗಿರಣಿಯಲ್ಲೇ ಕೇಳಿದೆ. ಬೀಸುವವನು ಹೆಸರು ಕೂಗಲಿಲ್ಲ, ಪಟ್ಟಿಯ ಸದ್ದಿನ ಮೇಲೆ ಒಂದೇ ಮಾತು ಹೇಳಿದ, "ಏಳರ ತನಕಾ ಆಗ್ಯಾವ, ಒಯ್ರಿ." ಆರು ಜನರಿಗೆ ಬೇರೆ ಸುದ್ದಿ ಬೇಕಾಗಲಿಲ್ಲ. ನಿಯಮವೂ ಇಷ್ಟಕ್ಕೇ ಅನುಮತಿ ಕೊಟ್ಟಿದೆ: ಒಂದು ಕಂತು ಮುಗಿದಾಗ ಕೊನೆಯ ಬಫರಿನ ಅಂಕಿ ಬರೆದರೆ ಸಾಕು, ಅದಕ್ಕೂ ಮೊದಲಿನವು ಮುಗಿದವೆಂದೇ ಅರ್ಥ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಮೊದಲ ಡಬ್ಬಿಯೇ ಹಸಿ ಜೋಳದ್ದಾಗಿ ಕಲ್ಲಿಗೆ ಮೆತ್ತಿಕೊಂಡರೆ? ಹಿಂದಿನವರೆಲ್ಲ ಕಾಯಬೇಕೆ? ಡಿಸ್ಕಿನಲ್ಲೂ ಹೀಗೇ. ಒಂದು ಓದು ತಡವಾಗಿ, ಅದರ ಹಿಂದೆ ಕೊಟ್ಟ ನಾಲ್ಕು ಮೊದಲೇ ಮುಗಿದಿರುತ್ತವೆ. ಪೂರ್ವಪಕ್ಷ ಬಲವಾಗಿಯೇ ಇದೆ. ಸಿದ್ಧಾಂತವಾಗಿ ಮೂರನೆಯ ಉಪಭೇದವನ್ನು ಸ್ಥಾಪಿಸುತ್ತೇನೆ: ಗುಪ್ತವ್ಯುತ್ಕ್ರಮ. ಕೆಲಸ ಹೇಗಾದರೂ ಆಗಲಿ, ಮರಳಿಕೆ ಸಾಲಿನಲ್ಲೇ. ಕ್ಯೂಎಮುಗೆ 2024ರಲ್ಲಿ ಬಂದದ್ದು ಇದು. ಮುಗಿದ ಬಫರಿಗೆ 'ತುಂಬಿದೆ' ಎಂದು ಗುರುತು ಹಾಕಿ ಇದ್ದಲ್ಲೇ ಕೂರಿಸುತ್ತಾರೆ. ಒಪ್ಪಿಸುವ ಹೊತ್ತಿಗೆ ಸಾಲಿನ ತಲೆಯಿಂದ ನೋಡುತ್ತ ಬರುತ್ತಾರೆ. ಗುರುತಿದ್ದಷ್ಟನ್ನು ಒಪ್ಪಿಸಿ, ಗುರುತಿಲ್ಲದ ಮೊದಲನೆಯದರ ಮುಂದೆ ನಿಲ್ಲುತ್ತಾರೆ.

ಚೊಳಚಗುಡ್ಡದಲ್ಲಿ ಅದರ ರೂಪ ಹೀಗಿತ್ತು. ಮೂರನೆಯ ಡಬ್ಬಿಯ ಮುಚ್ಚಳದ ಮೇಲೆ ಸುಣ್ಣದ ಗೀಟು, ಅಂಚಿಗೆ ಬಿಸಿ ಹಿಟ್ಟಿನ ಧೂಳು. ಒಡತಿ ಇಳಕಲ್ ಸೀರೆಯ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೇಳಿದಳು.

"ನಂದು ಆಗೇತಲ್ಲೋ ತಮ್ಮಾ, ಕೊಡು."

"ಆಗೇತ್ಯವ್ವಾ. ಪಾಳಿ ಬಂದಿಲ್ಲ."

ಇದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ತಡವಾಗುತ್ತದೆ, ನಿಜ. ಆದರೆ ಸಾಧನ ತಾನಾಗಿಯೇ ಸಾಲಿನಂತೆ ದುಡಿಯುವಂಥದ್ದಾದರೆ, ನೆಟ್‌ವರ್ಕ್ ಕಾರ್ಡಿನಂತೆ, ನಷ್ಟ ಕಡಿಮೆ. ಡಿಸ್ಕಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕೆಂಬುದು ನನ್ನ ಮತ. ಕ್ಯೂಎಮು ಕೂಡ ಇದನ್ನು ತಾನಾಗಿ ಚಾಲೂ ಮಾಡುವುದಿಲ್ಲ, ಕೇಳಿದವರಿಗಷ್ಟೇ ಕೊಡುತ್ತದೆ.

ಒಂದು ಕಡೆ ಮಾತ್ರ ಯಂತ್ರವೂ ಗಿರಣಿಯೂ ಬೇರೆಯಾಗುತ್ತವೆ. ಕಂತಿನ ಸುದ್ದಿಯಲ್ಲಿ ಹೆಸರೆತ್ತದೆ ದಾಟಿಹೋದ ಬಫರುಗಳು ಪೂರ್ತಿ ಬಳಕೆಯಾಗಿವೆ ಎಂದು ಡ್ರೈವರ್ ನಂಬಿಕೊಳ್ಳಬೇಕು. ನಿಯಮಾವಳಿಯಲ್ಲಿ ಹಾಗೆಂದೇ ಇದೆ. "ಏಳರ ತನಕಾ ಆಗ್ಯಾವ" ಎಂದಾಗ ಗಿರಣಿಗೆ ಬಂದ ಏಳೂ ಹೆಂಗಸರು ಮುಚ್ಚಳ ತೆಗೆದು, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿಯೇ ರೊಕ್ಕ ಕೊಟ್ಟರು.