ಪರ್ಸೆಂಟ್ ಮೇಷ್ಟ್ರು

ತಿಪಟೂರಿನ ಎಪಿಎಂಸಿ ಯಾರ್ಡಿನ ಆಸುಪಾಸಿನಲ್ಲಿ ಯಾವ ಟೀ ಅಂಗಡಿಗೆ ಹೊಕ್ಕರೂ ಒಬ್ಬರು ಪರ್ಸೆಂಟ್ ಮೇಷ್ಟ್ರು ಸಿಗುತ್ತಾರೆ. ತುರುವೇಕೆರೆಯಲ್ಲೂ ಇದ್ದಾರೆ. ಚಿಕ್ಕನಾಯಕನಹಳ್ಳಿಯವರು ಇನ್ನೂ ಒಂಚೂರು ಜೋರು. ನೌಕರಿಯಿಂದ ನಿವೃತ್ತಿ, ಅಪ್ಪನ ಕಾಲದ ತೆಂಗಿನ ತೋಟ, ಕಂಕುಳಲ್ಲಿ ಗೊಬ್ಬರದಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಆಧಾರ್ ಜೆರಾಕ್ಸು, ಬಂದುಹೋದ ಸರ್ಕಾರಗಳಿಗೆಲ್ಲ ಕೊಟ್ಟ ಮನವಿಗಳ ಪ್ರತಿ. ಒಂದೊಂದರ ಮೇಲೂ ನೇರಳೆ ಬಣ್ಣದ ‘ಸ್ವೀಕರಿಸಿದೆ’ ಸೀಲು. ಸರ್ಕಾರದಿಂದ ಅವರಿಗೆ ತಕ್ಷಣ ಸಿಕ್ಕಿದ್ದು ಅದೊಂದೇ.

ಟೀ ಬರುವ ಮುಂಚೆಯೇ ಪಾಠ ಶುರು.

“ಎಳನೀರು ಕೊಚ್ಚಿಸಿ ಕುಡೀರಿ, ಜಿಎಸ್‌ಟಿ ಸೊನ್ನೆ. ಅದೇ ನೀರು ಪ್ಯಾಕೆಟ್ಟಿಗೆ ಹೋದ್ರೆ ಮೊನ್ನೆ ಮೊನ್ನೆವರೆಗೂ ಹನ್ನೆರಡು ಪರ್ಸೆಂಟು. ಕಾಯಿ ಹಸಿ ಇದ್ರೂ ಒಣಗಿದ್ರೂ ಸೊನ್ನೆ. ಕೊಬ್ಬರಿ ಆಯ್ತೋ, ಐದು! ಈಗ ಹೇಳಿ, ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿ ಆಗೋದು ಯಾವತ್ತು?”

ಯಾರದೋ ಚೀಲದಿಂದ ಒಂದು ಕಾಯಿ ಎಳೆದು ನಮ್ಮ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. “ಕುಳುಕುಳು ಅಂದ್ರೆ ಸೊನ್ನೆ. ಲೊಟಲೊಟ ಅಂದ್ರೆ ಐದು.”

ತಮಾಷೆ ಅಂದುಕೊಂಡಿರೋ, ಕೆಟ್ಟಿರಿ. ಜಿಎಸ್‌ಟಿ ಬಂದದ್ದು 2017ರಲ್ಲಿ. ಕಾಯಿ ಯಾವುದು, ಕೊಬ್ಬರಿ ಯಾವುದು ಅಂತ ದೆಹಲಿಯಿಂದ ಸುತ್ತೋಲೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಅದರ ಜೆರಾಕ್ಸೂ ಕವರಿನಲ್ಲಿದೆ.

ಅವರಿಗೆ ತುಂಬ ಪ್ರಿಯವಾದದ್ದು ಎಣ್ಣೆ ಕೇಸು. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಒಗ್ಗರಣೆಗೋ ತಲೆಗೋ ಅನ್ನುವ ತಕರಾರು ಸುಪ್ರೀಂ ಕೋರ್ಟಿಗೇ ಹೋಗಿತ್ತು. ಒಗ್ಗರಣೆಗಾದರೆ 5, ತಲೆಗಾದರೆ 18. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ಹೇಳಿದರು. ಅಡುಗೆ ಎಣ್ಣೆ ಅಂತ ಮಾರಿದರೆ ಸಣ್ಣ ಬಾಟಲಿಯಾದರೂ ಅದು ಅಡುಗೆ ಎಣ್ಣೆಯೇ ಅಂತ ಮೂವರ ಪೀಠ ತೀರ್ಮಾನಿಸಿದ್ದು 2024ರ ಡಿಸೆಂಬರ್ 18ಕ್ಕೆ. ಒಂಬತ್ತು ತಿಂಗಳು ಕಳೆಯಿತು ನೋಡಿ, 2025ರ ಸೆಪ್ಟೆಂಬರ್ 22ರಿಂದ ತಲೆ ಎಣ್ಣೆಗೂ 5! “ಜಡ್ಜ್‌ಮೆಂಟ್ ಬರೋ ಹೊತ್ತಿಗೆ ತಲೇಲಿ ಕೂದಲೇ ಇಲ್ಲ” ಅಂತ ಮೇಷ್ಟ್ರು ಬೋಳುತಲೆ ಸವರಿಕೊಳ್ಳುತ್ತಾರೆ.

ತಡ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಫೆಬ್ರವರಿಯಲ್ಲಿ ಕ್ವಿಂಟಾಲ್ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 12,000, ಪೇಟೆಯಲ್ಲಿ 10,000ವೂ ಇಲ್ಲ. ಬೆಂಬಲ ಬೆಲೆಗೆ ಮಾರಲು ನಾಫೆಡ್ ನೋಂದಣಿಗೆ ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ನಿಂತರು. ನಕಲಿ ಹೆಸರುಗಳ ಗಲಾಟೆಯಾಗಿ ಅದು ರದ್ದಾಯಿತು. ಮಾರ್ಚಿನಲ್ಲಿ ಮತ್ತೆ ಮೊದಲಿಂದ, ಈ ಸಲ ಬೆರಳಚ್ಚು ಬೇರೆ. ಸೀಮೆಸುಣ್ಣ ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪಲೊಲ್ಲದು. “ಊರಿಗೆಲ್ಲ ಹಾಜರಿ ಹಾಕ್ದೋನು ನಾನು, ನಂಗೇ ಗೈರುಹಾಜರಿ!” ಮರುವರ್ಷ ಪೇಟೆಯ ಧಾರಣೆ 20,000 ದಾಟಿದಾಗ ಮೇಷ್ಟ್ರು ಒಂದು ವಾರ ಮಂಕಾಗಿದ್ದರು. ಬೈಯಲು ಯಾರೂ ಇರಲಿಲ್ಲ.

ಬೆಂಗಳೂರಿಂದ ಬಂದ ಅಳಿಯನೇ ಅವರನ್ನು ಎಬ್ಬಿಸಿ ಕೂರಿಸಿದ್ದು. “ಕೃಷಿ ಆದಾಯಕ್ಕೆ ಟ್ಯಾಕ್ಸೇ ಇಲ್ವಲ್ಲ ಮಾವ, ನಿಮಗೇನು ಕಷ್ಟ?”

“ಗೊಬ್ಬರಕ್ಕೆ ಐದು ಕೊಡ್ತೀನಿ. ಔಷಧಿಗೆ ಹದಿನೆಂಟು. ಡೀಸೆಲ್ ಮೇಲಿನ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಇಪ್ಪತ್ತೊಂದು ದಾಟಿಸಿದ್ರು. ವ್ಯಾಪಾರಿ ಆದ್ರೆ ಕಟ್ಟಿದ ಜಿಎಸ್‌ಟೀನ ಲೆಕ್ಕದಲ್ಲಿ ಮುರ್ಕೋತಾನೆ. ನಾನು ಯಾರ ಹತ್ರ ಮುರ್ಕೊಳ್ಲಿ, ತೆಂಗಿನಮರದ ಹತ್ರಾನಾ?”

ಅಳಿಯ ಸುಮ್ಮನಾದ. ನಾವೂ. ಮೇಷ್ಟ್ರ ಅರ್ಧ ಮಾತು ವಟವಟವೇ ಇರಬಹುದು, ಈ ಅರ್ಧಕ್ಕೆ ಮಾತ್ರ ಇವತ್ತಿನವರೆಗೆ ಯಾವ ಮಂತ್ರಿಯೂ ಸರಿಯಾಗಿ ಉತ್ತರ ಕೊಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಆ ಮೌನದಲ್ಲೇ ಅಂಗಡಿಯವನು ಗೋಡೆಯ ಮೇಲಿನ ಸುಣ್ಣದ ಗೀಟು ತೋರಿಸಿದ.

“ಮೇಷ್ಟ್ರೇ, ಹೋದ ತಿಂಗಳ ಟೀ ಬಾಕಿ ಹಂಗೇ ಐತಲ್ಲ?”

ಕವರು ಕಂಕುಳಿಗೆ ಸೇರಿಸಿಕೊಂಡು ಮೇಷ್ಟ್ರು ಎದ್ದರು.

“ಪರಿಶೀಲನೆಯಲ್ಲಿದೆ ಕಣಯ್ಯ.”