ತುಂಬಿ ಹೋಗಿ ತುಂಬಿಯೇ ಬರುವ ಡಬ್ಬಿ

ಮಕ್ಕಳ ಊಟದ ಡಬ್ಬಿಯಲ್ಲಿ ಸಂಜೆ ಉಳಿದು ಬರುವ ಅನ್ನ ಬೆಳಿಗ್ಗೆ ತುಂಬುವಾಗಲೇ ಹೆಚ್ಚಾಗಿರುತ್ತದೆ. ಹಸಿವು ಮಗುವಿನದು, ಸೌಟು ಅಮ್ಮನದು. "ಇಷ್ಟು ಸಾಕೇನೋ ಪುಟ್ಟಾ?" ಎಂದು ಕೇಳುವಷ್ಟರಲ್ಲಿ ಇನ್ನೊಂದು ಸೌಟು ಬಿದ್ದಾಗಿರುತ್ತದೆ. ಮುಚ್ಚಳ ಕೂರಿಸಲು ಅಜ್ಜಿಯೂ ಒಂದು ಕೈ ಹಾಕಬೇಕಾಗುತ್ತದೆ.

ಅಳತೆ ಬೇಕೆಂದರೆ ಸರ್ಕಾರದ ಲೆಕ್ಕವೇ ಇದೆ. ಬಿಸಿಯೂಟದ ನಿಯಮದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ನೇ ತರಗತಿಯವರಿಗೆ 150, 30, 75 ಗ್ರಾಂ. ಇದು ಬೇಯಿಸುವ ಮೊದಲಿನ ತೂಕ. ಆದರೆ ಅಮ್ಮಂದಿರ ಪ್ರಕಾರ ಸರ್ಕಾರ ತಮ್ಮ ಮಗುವನ್ನು ನೋಡಿಲ್ಲ. ಅದು ಎಷ್ಟು ಇಳಿದುಹೋಗಿದೆ ಎಂಬುದು ಅವರಿಗಷ್ಟೇ ಗೊತ್ತು.

ಏನು ಹಾಕಬೇಕೆಂಬುದಕ್ಕೆ ಕನ್ನಡದ ಅಡುಗೆಮನೆಗಳಲ್ಲಿ ಉತ್ತರ ಸಿದ್ಧವಿದೆ: ಚಿತ್ರಾನ್ನ. ರಾತ್ರಿ ಮಿಕ್ಕ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ, ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ನಿಂಬೆ ಹಿಂಡಿದರಾಯಿತು. ಮಕ್ಕಳು ಅದರಲ್ಲಿ ಮೊದಲು ಕಡಲೆಕಾಯಿ ಬೀಜ ಹೆಕ್ಕುತ್ತಾರೆ, ಕರಿಬೇವನ್ನು ಮುಚ್ಚಳದ ಅಂಚಿಗೆ ಸಾಲಾಗಿ ನಿಲ್ಲಿಸುತ್ತಾರೆ, ಸಮಯವಿದ್ದರೆ ಅನ್ನವನ್ನೂ ತಿನ್ನುತ್ತಾರೆ. ಹುಣಸೆ, ಎಣ್ಣೆಯ ಬಲದಿಂದ ಪುಳಿಯೋಗರೆ ಮಧ್ಯಾಹ್ನದವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಹಸಿ ತೆಂಗಿನಕಾಯಿ ಚಟ್ನಿಗೆ ಬೇಸಿಗೆಯಲ್ಲಿ ಅಷ್ಟು ತಾಳ್ಮೆಯಿಲ್ಲ. ಮೊಸರನ್ನಕ್ಕೆ ಬೆಳಿಗ್ಗೆ ಮೊಸರು ಸುರಿದರೆ ಊಟದ ಹೊತ್ತಿಗೆ ಹುಳಿಯಾಗುತ್ತದೆ. ಉಗುರುಬೆಚ್ಚಗಿನ ಅನ್ನಕ್ಕೆ ಹಾಲು ಹಾಕಿ, ಒಂದು ಚಮಚ ಮೊಸರು ಬೆರೆಸಿದರೆ ಗಂಟೆ ಹೊಡೆಯುವ ವೇಳೆಗೆ ಹದವಾಗಿ ಹೆಪ್ಪಾಗಿರುತ್ತದೆ. ಯಾವುದನ್ನಾದರೂ ಹಬೆಯಾಡುತ್ತಿರುವಾಗಲೇ ಮುಚ್ಚಿದರೆ ಮುಚ್ಚಳದ ನೀರು ಕೆಳಗಿಳಿದು ಊಟ ಕೆಡುತ್ತದೆ.

ಉಪ್ಪಿಟ್ಟಿನ ಕಥೆ ಬೇರೆ. ಆರಿದ ಮೇಲೆ ಅದು ಡಬ್ಬಿಯ ಆಕಾರದಲ್ಲೇ ಇಟ್ಟಿಗೆಯಂತೆ ಹೊರಬರುತ್ತದೆ. ಅಕ್ಕಿರೊಟ್ಟಿಯೂ ಮಧ್ಯಾಹ್ನಕ್ಕೆ ಬಿರುಸಾಗುತ್ತದೆ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಗೆ ಮಾತ್ರ ಈ ಭಯವಿಲ್ಲ. ಅದು ಮನೆ ಬಿಡುವಾಗಲೇ ಗಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಜೊತೆಗಿದ್ದರೆ ಸಾಕು. ಚಪಾತಿಗೆ ತುಪ್ಪ, ಬೆಲ್ಲ ಸವರಿ ಸುರುಳಿ ಸುತ್ತಿದರೆ ಒಂದು ಕೈಯಲ್ಲಿ ತಿಂದು ಇನ್ನೊಂದರಲ್ಲಿ ಚೆಂಡು ಹಿಡಿಯಬಹುದು. ಊಟದ ಬಿಡುವಿನಲ್ಲಿ ಚೆಂಡಿಗೇ ಮೊದಲ ಪಂಕ್ತಿ.

ಉಳಿದು ಬಂದದ್ದನ್ನು ನೋಡಿ ಮರುದಿನ ಒಂದು ಸೌಟು ಕಡಿಮೆ ಮಾಡುವುದು ಸುಲಭದ ದಾರಿ. ಖಾಲಿ ಡಬ್ಬಿಯನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಅದರಲ್ಲಿ ಪಕ್ಕದ ಬೆಂಚಿನ ಗೆಳೆಯನಿಗೂ, ಕಾಂಪೌಂಡಿನ ಕಾಗೆಗೂ ಪಾಲಿರುತ್ತದೆ. ಎದುರು ಡಬ್ಬಿಯ ನೂಡಲ್ಸ್‌ಗೆ ಬದಲಾಗಿ ಮನೆಯ ದೋಸೆ ಕೈದಾಟಿರಲೂಬಹುದು. ಬ್ಯಾಗು ಕೆಳಗಿಡುವ ಮೊದಲೇ ಮಗು ಚಕ್ಕುಲಿ ಡಬ್ಬ ತೆರೆದರೆ, ಮಧ್ಯಾಹ್ನ ಊಟ ಮಾಡಿದ್ದು ಬೇರೆ ಯಾರೋ ಎಂದು ತಿಳಿಯಬೇಕು.

ಶುಕ್ರವಾರ ಬ್ಯಾಗಿನ ತಳ ಸೇರಿದ ಡಬ್ಬಿ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದು ಸೋಮವಾರ ಬೆಳಿಗ್ಗೆ ವಾಸನೆಯಿಂದಲೇ ಪತ್ತೆಯಾಗುತ್ತದೆ. ಮುಚ್ಚಳ ಯಾರು ತೆಗೆಯಬೇಕೆಂದು ಮನೆಯವರು ಚರ್ಚಿಸುತ್ತಿರುವಾಗಲೇ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತದೆ.