ಪಯ್ಯಂಪಳ್ಳಿಗೆ ಹೊರಟ ವೀಣೆ

ಮೈಸೂರಿನ ಹಳೇ ವೀಣೆಯನ್ನು ವಯನಾಡಿನ ಪಯ್ಯಂಪಳ್ಳಿಗೆ ಸಾಗಿಸುವುದೆಂದರೆ ಮುಂಗೋಪಿ ಅಜ್ಜಿಯನ್ನು ತೀರ್ಥಯಾತ್ರೆಗೆ ಕರೆದೊಯ್ದಂತೆ. ಹಲಸಿನ ಮರದ ಮೈಯೇನೋ ಗಟ್ಟಿ. ಆದರೆ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಂತ ಲಾರಿಯೊಳಗೆ ಮೇಣ ಮೆತ್ತಗಾದರೆ ಗಾಂಧಾರ ಸದ್ದಿಲ್ಲದೆ ಮಧ್ಯಮದ ಮನೆಗೆ ಬಿಡಾರ ಬದಲಿಸುತ್ತದೆ.

ಹೊರಡುವ ಮುನ್ನ 7 ತಂತಿಗಳನ್ನೂ ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಕಳಚಬರುವ ಬುರುಡೆಗೆ ಬೇರೆ ಪೆಟ್ಟಿಗೆ, ದಂಡಿಯ ಅಡಿಗೆ ದಿಂಬು, ಕೊಡದ ಸುತ್ತ ಹಳೇ ಸೀರೆ. ತುದಿಯ ಯಾಳಿಯ ಮುಖಕ್ಕೂ ಬಟ್ಟೆ ಸುತ್ತಬೇಕು. ಘರ್ಜಿಸುವ ಭಂಗಿಯೇನೇ ಇರಲಿ, ಪೆಟ್ಟು ಬಿದ್ದರೆ ಹಲ್ಲು ಮುರಿಯುವುದು ಅದರದ್ದೇ. ಪೆಟ್ಟಿಗೆಯ ಮೇಲೆ ‘ಗಾಜು, ಜೋಪಾನ’ ಎಂದು ಬರೆಯುವುದು ಜಾಣತನ. ಸರಸ್ವತಿಗೆ ಸಿಗದ ಮರ್ಯಾದೆ ಗಾಜಿಗೆ ಸಿಗುತ್ತದೆ.

ದಾರಿಯಲ್ಲಿ ಸಿಗುವ ನಾಗರಹೊಳೆ ಕಾಡಿನ ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ತಡವಾಗಿ ಬಂದ ವೀಣೆ ಗೇಟಿನ ಬಳಿ ಕೂತು ರಾತ್ರಿಯಿಡೀ ಜೀರುಂಡೆಗಳ ಕಚೇರಿ ಕೇಳಬೇಕು. ಶ್ರುತಿಯೂ ಅವುಗಳದೇ, ತನಿಯೂ ಅವುಗಳದೇ.

ಘಟ್ಟದ ಮಳೆಗಾಲದ ತೇವಕ್ಕೆ ಬಿರಡೆಗಳು ಉಬ್ಬಿ ಹಠ ಹಿಡಿಯುತ್ತವೆ. ಆದ್ದರಿಂದ ತಲುಪಿದ ಪೆಟ್ಟಿಗೆಯನ್ನು ಒಂದು ದಿನ ಹಾಗೇ ಬಿಟ್ಟು, ಆಮೇಲೆ ನಿಧಾನಕ್ಕೆ ಶ್ರುತಿ ಏರಿಸಬೇಕು. ಎಲ್ಲಕ್ಕಿಂತ ಕ್ಷೇಮದ ವಾಹನವೆಂದರೆ ಹಿಂದಿನ ಸೀಟನ್ನು ಪೂರ್ತಿ ವೀಣೆಗೇ ಬಿಟ್ಟುಕೊಟ್ಟ ಕಾರು. ಮನೆಯವರು ಬಸ್ಸಿನಲ್ಲಿ ಬರಬಹುದು.